ಆರು ವರ್ಷದಿಂದ 400% ಜೂಮ್: ನನ್ನ ಲ್ಯಾಪ್‌ಟಾಪ್ ಒಂದು ಅಡ್ಡ ಮಲಗಿದ ಮೊಬೈಲು

ಇದು ಹೊಸ ಸಾಧನದ ವಿಮರ್ಶೆ ಅಲ್ಲ. ಎಲ್ಲ ಬ್ರೌಸರ್‌ನಲ್ಲೂ ಇರುವ ಜೂಮ್ ಬಗ್ಗೆ ಬರೆಯುತ್ತಿದ್ದೇನೆ. ಕಂಟ್ರೋಲ್ ಹಿಡಿದು ಪ್ಲಸ್ ಒತ್ತುವುದು, ಅಷ್ಟೇ. ಜಾಸ್ತಿ ಜನ ಇದನ್ನು ಕೈತಪ್ಪಿ ಒತ್ತಿ, ಮೊದಲಿನ ಹಾಗೆ ಮಾಡುವುದು ಹೇಗೆಂದು ಒದ್ದಾಡಿರುತ್ತಾರೆ. ನನ್ನ ದೃಷ್ಟಿ ಬಹಳ ಮಂದ, ಕನ್ನಡಕಕ್ಕೆ ಬಗ್ಗುವಂಥದ್ದಲ್ಲ. ಹಾಗಾಗಿ ಆರು ವರ್ಷದಿಂದ ಬೆಳಗ್ಗೆಯಿಂದ ರಾತ್ರಿವರೆಗೆ 400%ನಲ್ಲೇ ಇದ್ದೇನೆ.

ಮೊದಲ ವಾರವೇ ಒಂದು ವಿಷಯ ಕಣ್ಣಿಗೆ ಬಿತ್ತು. ಜೂಮ್ ಮಾಡಿದಾಗ ಪುಟ ಸುಮ್ನೆ ದೊಡ್ಡದಾಗುವುದಿಲ್ಲ, ಅದರ ರೂಪವೇ ಬದಲಾಗುತ್ತದೆ. ಮೂರು ಕಾಲಂ ಒಂದಾಗುತ್ತದೆ. ಮೇಲಿನ ಮೆನು ಹೋಗಿ ಮೂರು ಗೆರೆಯ ಬಟನ್ ಬರುತ್ತದೆ. ಅರೆ, ಇದು ಮೊಬೈಲಿನ ಪುಟ ಅಲ್ವಾ! ಲೆಕ್ಕ ಸುಲಭ. 1280 ಪಿಕ್ಸೆಲ್ ಅಗಲದ ಕಿಟಕಿಯಲ್ಲಿ ಎಲ್ಲವನ್ನೂ ನಾಲ್ಕು ಪಟ್ಟು ಹಿಗ್ಗಿಸಿದರೆ, ವೆಬ್‌ಸೈಟಿನ ಪಾಲಿಗೆ ಉಳಿಯುವುದು 320 ಪಿಕ್ಸೆಲ್. ಅಂದರೆ ಒಂದು ಚಿಕ್ಕ ಫೋನಿನ ಅಗಲ. ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೇನೆ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ.

ಈ 320 ಅನ್ನುವ ಅಂಕಿ ಆಕ್ಸೆಸಿಬಿಲಿಟಿ ಮಾರ್ಗಸೂಚಿಯಲ್ಲೂ ಇದೆ, ಅಂದರೆ ಅಂಗವಿಕಲರಿಗೂ ಬಳಸಲು ಆಗುವಂತೆ ವೆಬ್‌ಸೈಟ್ ಹೇಗಿರಬೇಕು ಅಂತ ಹೇಳುವ ಮಾರ್ಗಸೂಚಿಯಲ್ಲಿ. 2018ರಲ್ಲಿ ಬಂದ ಅದರ ಆವೃತ್ತಿ ಡಬ್ಲ್ಯೂಸಿಎಜಿ 2.1 ಪ್ರಕಾರ, ಅಷ್ಟು ಅಗಲದಲ್ಲೂ ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯದೆ ಓದಲು ಆಗಬೇಕು. ನಕಾಶೆ, ದೊಡ್ಡ ಕೋಷ್ಟಕದಂಥವಕ್ಕೆ ಮಾತ್ರ ವಿನಾಯಿತಿ. ಈ ಎಳೆದಾಟ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದು ಸಾಲಿನ ಕೊನೆ ನೋಡಲು ಬಲಕ್ಕೆ ಹೋಗಬೇಕು, ವಾಪಸ್ ಬರುವಷ್ಟರಲ್ಲಿ ಮುಂದಿನ ಸಾಲು ಯಾವುದೆಂದು ಮರೆತಿರುತ್ತದೆ. ಒಂದು ಪ್ಯಾರಾಕ್ಕೆ ಹತ್ತು ಸಲ ಹೀಗೆ. ಮೊಬೈಲ್ ಬಳಸುವವರಿಗಾಗಿ ಪುಟಗಳನ್ನು ಹೊಂದಿಸಿದವರು ನನ್ನನ್ನು ಈ ಕಾಟದಿಂದ ಬಿಡಿಸಿದರು. ನನ್ನನ್ನು ನೆನೆಸಿಕೊಂಡು ಮಾಡಿದ್ದಲ್ಲ, ಇರಲಿ.

ಸಮಸ್ಯೆ ಇರುವುದು ಎತ್ತರದಲ್ಲಿ. ಮೊಬೈಲನ್ನು ನೆಟ್ಟಗೆ ಹಿಡಿದರೆ ಅಗಲ ಕಮ್ಮಿ, ಎತ್ತರ ಜಾಸ್ತಿ. ನನ್ನ ಪರದೆ ಅಡ್ಡ ಮಲಗಿದೆ. 720 ಪಿಕ್ಸೆಲ್ ಎತ್ತರ ಇದ್ದರೆ, ನಾಲ್ಕರಿಂದ ಭಾಗಿಸಿ 180. ಅದರಲ್ಲೂ ಬ್ರೌಸರಿನ ಪಟ್ಟಿಗಳು ಪಾಲು ಕೇಳುತ್ತವೆ. ಆಮೇಲೆ ಮೇಲೆ ಅಂಟಿಕೊಂಡ ಹೆಡರ್, ಕೆಳಗೆ ಕುಕೀ ಒಪ್ಪಿಗೆಯ ಪಟ್ಟಿ, ಮೂಲೆಯಲ್ಲಿ 'ಮಾತಾಡೋಣ ಬನ್ನಿ' ಅನ್ನುವ ಗುಳ್ಳೆ. ಓದಲು ಉಳಿಯುವುದು ಎರಡು ಸಾಲು. ಕೆಲವೊಮ್ಮೆ ಕುಕೀ ಪಟ್ಟಿಯ 'ಸರಿ' ಬಟನ್ನೇ ಪರದೆಯಿಂದ ಆಚೆ ಇರುತ್ತದೆ, ಅಲ್ಲಿಗೆ ಸ್ಕ್ರೋಲ್ ಮಾಡಲೂ ಆಗುವುದಿಲ್ಲ. ಫೋನನ್ನು ನೆಟ್ಟಗೆ ಹಿಡಿದು ಪರೀಕ್ಷೆ ಮಾಡಿದವರಿಗೆ ಇದು ಕಾಣಿಸುವುದಾದರೂ ಹೇಗೆ?

ಒಮ್ಮೆ ಒಂದು ಅರ್ಜಿ ತುಂಬುತ್ತಿದ್ದೆ. ಟ್ಯಾಬ್ ಒತ್ತಿ ಮುಂದಿನ ಖಾನೆಗೆ ಹೋದರೆ, ಅದು ಕೆಳಗಿನ ಪಟ್ಟಿಯ ಅಡಿಯಲ್ಲಿ ಅಡಗಿತ್ತು. ಫೋನ್ ನಂಬರಿನ ಜಾಗ ಅಂದುಕೊಂಡು ಪಿನ್‌ಕೋಡ್ ಜಾಗದಲ್ಲಿ ನಂಬರ್ ಹೊಡೆದು ಕಳಿಸಿಬಿಟ್ಟೆ. ಎಲ್ಲವನ್ನೂ ಮೊದಲಿಂದ ತುಂಬಬೇಕಾಯಿತು. 2023ರ ಡಬ್ಲ್ಯೂಸಿಎಜಿ 2.2ರಲ್ಲಿ ಇದಕ್ಕೂ ಒಂದು ಅಂಶ ಸೇರಿಸಿದ್ದಾರೆ: ಕೀಬೋರ್ಡ್ ಫೋಕಸ್ ಇರುವ ಜಾಗ, ಅಂದರೆ ಟ್ಯಾಬ್ ಒತ್ತಿ ನಾವು ಬಂದು ನಿಂತಿರುವ ಖಾನೆ ಅಥವಾ ಬಟನ್, ಪೂರ್ತಿ ಮುಚ್ಚಿಹೋಗಬಾರದು.

ಇನ್ನೊಂದು ಕಿರಿಕಿರಿ. ಕೆಲವರು ಅಕ್ಷರದ ಗಾತ್ರವನ್ನು ಬರೀ ಕಿಟಕಿಯ ಅಗಲಕ್ಕೆ ಕಟ್ಟಿಹಾಕಿರುತ್ತಾರೆ. ಮೊಬೈಲಿನಲ್ಲಿ ಚೆಂದ ಕಾಣುತ್ತದೆ, ಸರಿ. ಆದರೆ ನಾನು ಎಷ್ಟು ಪ್ಲಸ್ ಒತ್ತಿದರೂ ಆ ಶೀರ್ಷಿಕೆ ಕದಲುವುದಿಲ್ಲ. ಫೋನಿನಲ್ಲಿ ಎರಡು ಬೆರಳಿನ ಜೂಮನ್ನೇ ತಡೆದಿಡುವ ಸೈಟುಗಳೂ ಇವೆ. ಪುಣ್ಯಕ್ಕೆ ಐಫೋನಿನ ಸಫಾರಿ 2016ರಿಂದ ಆ ತಡೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಭಾಗಕ್ಕೆ ಹೋಗಿ ಒಂದು ಟಿಕ್ ಹಾಕಬೇಕು.

ಪೂರ್ತಿ ಕಣ್ಣು ಕಾಣದ ಗೆಳೆಯನೊಬ್ಬನ ಹತ್ತಿರ ಇದನ್ನೆಲ್ಲ ಹೇಳಿದಾಗ ಅವನು ನಕ್ಕ. 'ನಿನಗೆ ಮೂರು ಗೆರೆಯಾದರೂ ಕಾಣುತ್ತದೆ ಮಾರಾಯ, ನನ್ನ ಸ್ಕ್ರೀನ್ ರೀಡರ್ ಬರೀ ಬಟನ್ ಅನ್ನುತ್ತದೆ' ಅಂದ. ಸ್ಕ್ರೀನ್ ರೀಡರ್ ಅಂದರೆ ಪರದೆಯಲ್ಲಿ ಇರುವುದನ್ನು ಓದಿ ಹೇಳುವ ತಂತ್ರಾಂಶ. ಆ ಬಟನ್ನಿಗೆ 'ಮೆನು' ಅಂತ ಹೆಸರು ಕೊಡುವುದನ್ನು ಯಾರೋ ಮರೆತಿದ್ದರು. ಪುಟ ಮೊಬೈಲಿಗೆ ಎಷ್ಟೇ ಚೆನ್ನಾಗಿ ಹೊಂದಿಕೊಂಡರೂ ಅವನಿಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ. ಕೈ ನಡುಗುವವರಿಗೆ ಮಾತ್ರ ಫೋನಿಗೆಂದು ಮಾಡಿದ ದಪ್ಪ ಬಟನ್‌ಗಳು ನಿಜಕ್ಕೂ ಅನುಕೂಲ.

ಜೂಮ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಪ್ರತಿ ಸೈಟಿಗೂ ಬೇರೆ ಬೇರೆ ಅಳತೆ ನೆನಪಿಟ್ಟುಕೊಳ್ಳುವುದು ದೊಡ್ಡ ಉಪಕಾರ. ಅರ್ಧ ಅಂಕ ಕಳೆದದ್ದು ಎತ್ತರಕ್ಕೆ ಅದರ ಹತ್ತಿರ ಉಪಾಯ ಇಲ್ಲ ಅಂತ. ಸದ್ಯಕ್ಕೆ ಎಫ್11 ಒತ್ತಿ ಪೂರ್ತಿ ಪರದೆ ಮಾಡಿಕೊಳ್ಳುತ್ತೇನೆ. ಎರಡು ಸಾಲು ಇದ್ದದ್ದು ನಾಲ್ಕಾಗುತ್ತದೆ.