ಹುಬ್ಬಳ್ಳಿಯ ಆ ಹಳೇ ಟ್ರ್ಯಾಕ್ ಫ್ರೇಮ್: 18 ಸಾವಿರಕ್ಕೆ ಬೇಡ, 11ಕ್ಕೆ ಆಗಬಹುದು

ವಿದ್ಯಾನಗರದ ಒಂದು ಮನೆಯಲ್ಲಿ ಹಳೇ ಸ್ಟೀಲ್ ಟ್ರ್ಯಾಕ್ ಫ್ರೇಮ್, ಅಂದರೆ ಟ್ರ್ಯಾಕ್ ರೇಸ್ ಸೈಕಲ್ಲಿನ ಚೌಕಟ್ಟು, ಮಾರಾಟಕ್ಕಿದೆ ಅಂತ ಗೆಳತಿ ಫೋಟೋ ಕಳಿಸಿದ್ದಳು. ಫ್ರೇಮ್, ಮುಂದಿನ ಫೋರ್ಕ್, ಹೆಡ್ ಸೆಟ್ (ಫೋರ್ಕ್ ತಿರುಗುವ ಬೇರಿಂಗ್), ಹಳೇ ಬಿಬಿ (ಬಾಟಮ್ ಬ್ರಾಕೆಟ್, ಪೆಡಲಿನ ಅಚ್ಚು ತಿರುಗುವ ಬೇರಿಂಗ್), ಸೀಟ್ ಪೋಸ್ಟ್ (ಸೀಟು ಕೂರುವ ಕಂಬ), ಇಷ್ಟೇ. ಹ್ಯಾಂಡಲ್ ಇಲ್ಲ, ಪೆಡಲ್ ಇಲ್ಲ, ಚಕ್ರ ಇಲ್ಲ. ಕೇಳಿದ ಬೆಲೆ 18 ಸಾವಿರ. ಅಷ್ಟು ದುಡ್ಡಿಗೆ ಗೇರ್ ಇರುವ ಹೊಸ ಸೈಕಲ್ಲೇ ಬರುತ್ತಲ್ಲ ಅಂದರು ನಮ್ಮ ಮನೆಯವರು. ಬರುತ್ತೆ, ಸುಳ್ಳಲ್ಲ. ಆದರೆ ನನಗೆ ಬೇಕಾಗಿದ್ದು ಅದಲ್ಲ.

ನಾನು ಬೆಟಗೇರಿ ಕಡೆಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಓದುವಾಗ ಸೈಕ್ಲಿಂಗ್ ಹಾಸ್ಟೆಲಿನಲ್ಲಿದ್ದವಳು. ಗದಗ, ಬಾಗಲಕೋಟೆ, ಬಿಜಾಪುರದ ಕಡೆಯವರಿಗೆ ಸೈಕಲ್ ರೇಸ್ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ಉಳಿದವರಿಗೆ ಒಂದು ಮಾತು: ಟ್ರ್ಯಾಕ್ ಸೈಕಲ್ಲಿಗೆ ಫ್ರೀವೀಲ್ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತೆ. ಇಳಿಜಾರಿನಲ್ಲೂ ಕಾಲು ಸುಮ್ನೆ ಇಡೋ ಹಾಗಿಲ್ಲ. ಬ್ರೇಕೂ ಇರಲ್ಲ, ಗೇರೂ ಇರಲ್ಲ. ಕಾಲಿಗೆ ಇದರಷ್ಟು ಒಳ್ಳೆಯ ಪಾಠ ಬೇರೆ ಯಾವ ಸೈಕಲ್ಲೂ ಕಲಿಸಲ್ಲ ಅನ್ನೋದು ನನ್ನ ಅಭಿಪ್ರಾಯ.

ಮಾರುವವರು ಸಭ್ಯಸ್ತರು. ಅವರ ತಂದೆ ರೇಸ್ ಓಡಿಸುತ್ತಿದ್ದರಂತೆ. 1982ರ ದಿಲ್ಲಿ ಏಷ್ಯಾಡ್ ಮುಗಿದ ಮೇಲೆ ಯಾವುದೋ ವಿದೇಶಿ ತಂಡ ಬಿಟ್ಟು ಹೋದ ಫ್ರೇಮ್ ಇದಂತೆ. ಹಳೇ ರೇಸ್ ಸೈಕಲ್ ಮಾರುವವರಿಗೆಲ್ಲ ಆ ಏಷ್ಯಾಡ್ ಬೇಕೇ ಬೇಕು! ಕಥೆ ನಿಜ ಇರಬಹುದು, ಇಲ್ಲದಿರಬಹುದು. ಅದಕ್ಕೆ ನಾನು ದುಡ್ಡು ಕೊಡಲ್ಲ. ಪೈಪಿನ ಮೇಲೆ ಕೊಲಂಬಸ್ ಅಂತ ಸ್ಟಿಕರ್ ಇತ್ತು. ಕೊಲಂಬಸ್ ಅಂದರೆ ಮಿಲಾನಿನ ಪೈಪ್ ಕಂಪನಿ, ಫ್ರೇಮ್ ಕಟ್ಟಿದವರ ಹೆಸರಲ್ಲ. ಕಟ್ಟಿದವರ ಹೆಸರು ಬಣ್ಣದ ಜೊತೆ ಯಾವಾಗಲೋ ಹೋಗಿದೆ. ಸ್ಟಿಕರನ್ನಂತೂ ಯಾರು ಬೇಕಾದರೂ ಅಂಟಿಸಬಹುದು ಅಲ್ವಾ?

ಹಾಗಾಗಿ ಮೊದಲು ಸೀಟ್ ಪೋಸ್ಟ್ ತೆಗೆಯಲು ಕೇಳಿದೆ. ಇದರಲ್ಲಿ ಎರಡು ಲಾಭ. ಒಂದು, ಪೋಸ್ಟ್ ಅಲ್ಲಾಡುತ್ತೋ ಇಲ್ಲವೋ ಗೊತ್ತಾಗುತ್ತೆ. ಸ್ಟೀಲ್ ಪೈಪಿನೊಳಗೆ ಅಲ್ಯುಮಿನಿಯಂ ಪೋಸ್ಟ್ ವರ್ಷಗಟ್ಟಲೆ ಗ್ರೀಸ್ ಇಲ್ಲದೆ ಕೂತರೆ ಎರಡೂ ಕಚ್ಚಿಕೊಂಡು ಬಿಡುತ್ತವೆ. ಆಮೇಲೆ ಗರಗಸದಿಂದ ಕೊಯ್ಯಬೇಕು, ಇಲ್ಲಾ ಕಾಸ್ಟಿಕ್ ಸೋಡಾ ಹಾಕಿ ಅಲ್ಯುಮಿನಿಯಂ ಕರಗಿಸಬೇಕು. ಪೋಸ್ಟ್ ಬರದಿದ್ದರೆ ನಾನು ಚಹಾ ಕುಡಿದು ವಾಪಸ್ ಬರುತ್ತಿದ್ದೆ. ಎರಡನೆಯದು, ಪೋಸ್ಟಿನ ದಪ್ಪ ಪೈಪಿನ ಜಾತಿ ಹೇಳುತ್ತೆ. ಒಳ್ಳೆಯ ತೆಳು ಪೈಪಿನ ಹಳೇ ಫ್ರೇಮಿಗೆ ಸಾಮಾನ್ಯವಾಗಿ 27.2 ಮಿಲಿಮೀಟರ್ ಪೋಸ್ಟ್ ಕೂರುತ್ತೆ. ಪೈಪ್ ದಪ್ಪ ಆದಷ್ಟೂ ಒಳಗಿನ ತೂತು ಸಣ್ಣದು. 25ರ ಆಸುಪಾಸು ಬಂದರೆ ಅದು ಸಾದಾ ಕಬ್ಬಿಣ ಅಂದುಕೊಳ್ಳಿ. ಇಲ್ಲಿ ಪೋಸ್ಟ್ ಸ್ವಲ್ಪ ಮುಲುಗಿ ಹೊರಗೆ ಬಂತು. ವರ್ನಿಯರ್ ಹಚ್ಚಿದೆ, 27.2.

ಆಮೇಲೆ ಫೋರ್ಕ್ ಬಿಚ್ಚಿಸಿ, ಅದರ ಮೇಲಿನ ಪೈಪಿನೊಳಗೆ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿದೆ. ಹಳೇ ಕೊಲಂಬಸ್ ರೇಸ್ ಪೈಪುಗಳಲ್ಲಿ ಆ ಜಾಗದಲ್ಲಿ ಸುರುಳಿ ಸುತ್ತಿದ ಐದು ಏಣು ಇರುತ್ತವೆ, ಬಲಕ್ಕೆ ಅಂತ ಕೊಟ್ಟಿದ್ದು. ಇದ್ದವು. ಸ್ಟಿಕರ್ ನಂಬದಿದ್ದರೂ ಇದನ್ನು ನಂಬಬಹುದು. ಕೊಕ್ಕೆ ತಕ್ಕಡಿಗೆ ತೂಗು ಹಾಕಿದಾಗ ಫ್ರೇಮ್ ಫೋರ್ಕ್ ಎರಡೂ ಸೇರಿ ಸುಮಾರು 2.6 ಕಿಲೋ. ಸರಿಯಾಗಿದೆ.

ಹೆಸರಿನ ವಿಚಾರ ಅಲ್ಲಿಗೆ ಮುಗೀತು. ಇನ್ನು ಪೆಟ್ಟು ಬಿದ್ದಿದೆಯಾ ಅನ್ನೋದು. ಬಿದ್ದ ಫ್ರೇಮ್ ಹಿಡಿಯೋಕೆ ಬೆರಳು ಸಾಕು. ಹ್ಯಾಂಡಲ್ ಕೂರುವ ಪೈಪಿಗೆ ಮೇಲಿನ ಪೈಪೂ ಕೆಳಗಿನ ಓರೆ ಪೈಪೂ ಸೇರುತ್ತವಲ್ಲ, ಆ ಲಗ್ಗಿನ ಹಿಂದೆ ಎರಡು ಬೆರಳಿನ ದೂರದಲ್ಲಿ ಪೈಪಿನ ಅಡಿಯನ್ನು ಸವರಬೇಕು. ಮುಂದಿನಿಂದ ಗುದ್ದಿಕೊಂಡಿದ್ದರೆ ಅಲ್ಲೇ ಉಬ್ಬು ಅಥವಾ ಬಣ್ಣದ ಸುಕ್ಕು ಸಿಗುತ್ತೆ. ಕಣ್ಣಿಗೆ ಕಾಣದೆ ಹೋದರೂ ಬೆರಳಿಗೆ ಸಿಗುತ್ತೆ. ಸಿಕ್ಕರೆ ವ್ಯಾಪಾರ ಬಿಡಿ, ಎಷ್ಟು ಕಡಿಮೆ ಕೊಟ್ಟರೂ ಬಿಡಿ. ಇಲ್ಲಿ ನುಣುಪಾಗಿತ್ತು. ಬಣ್ಣದ ಕೆಳಗೆ ಪುಟ್ಟಿ ಮೆತ್ತಿದ್ದಾರಾ ಅಂತ ಫ್ರಿಜ್ಜಿನ ಒಂದು ಸಣ್ಣ ಆಯಸ್ಕಾಂತ ಎಲ್ಲಾ ಪೈಪಿನ ಮೇಲೂ ಓಡಿಸಿದೆ. ಎಲ್ಲಾ ಕಡೆ ಒಂದೇ ಥರ ಹಿಡಿಯಿತು.

ಮೇಲಿನ ಪೈಪಿನ ಬಲಗಡೆ ಒಂದು ತಗ್ಗು ಇದೆ, ಹುಣಸೆ ಬೀಜದಷ್ಟು. ಮಾರುವವರು ಅದನ್ನು ಮುಚ್ಚಿಡಲು ಅಲ್ಲೇ ಕೈ ಇಟ್ಟುಕೊಂಡು ನಿಂತಿದ್ದರು, ಪಾಪ. ಅದು ಟ್ರ್ಯಾಕ್ ಸೈಕಲ್ಲಿಗೆ ಬರುವ ಮಾಮೂಲಿ ಗಾಯ. ಬಿದ್ದಾಗ ಬಗ್ಗಿದ ಹ್ಯಾಂಡಲ್ ಗಿರಕಿ ಹೊಡೆದು ಪೈಪಿಗೆ ಬಡಿಯುತ್ತೆ. ಚೂಪಾದ ಮಡಿಕೆ ಇಲ್ಲ, ಬಿರುಕಿಲ್ಲ, ಹಾಗಾಗಿ ಓಡಿಸಲು ತೊಂದರೆ ಇಲ್ಲ. ಆದರೆ ಬೆಲೆ ಮಾತಾಡುವಾಗ ಆ ತಗ್ಗನ್ನು ನಾನು ಆಗಾಗ ನೋಡಿದೆ.

ನೇರ ಇದೆಯಾ ಅಂತ ನೋಡಲು ದಾರ ಬೇಕು. ಹಿಂದಿನ ಚಕ್ರ ಕೂರುವ ಒಂದು ಸೀಳಿಗೆ ದಾರ ಕಟ್ಟಿ, ಮುಂದಿನ ಪೈಪನ್ನು ಸುತ್ತಿ ತಂದು, ಇನ್ನೊಂದು ಸೀಳಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಪೈಪಿನಿಂದ ದಾರಕ್ಕೆ ಎರಡೂ ಬದಿ ಎಷ್ಟು ದೂರ ಅಳೆಯಿರಿ. ಎರಡೂ ಒಂದೇ ಇರಬೇಕು. ಇಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ. ಪರವಾಗಿಲ್ಲ. ಎರಡು ಸೀಳಿನ ನಡುವಿನ ಅಗಲ 120 ಮಿಲಿಮೀಟರ್, ಟ್ರ್ಯಾಕ್ ಹಬ್ಬಿಗೆ (ಚಕ್ರದ ನಡುಭಾಗಕ್ಕೆ) ಬೇಕಾದ್ದು ಅದೇ. 126 ಅಥವಾ 130 ಬಂದಿದ್ದರೆ ಯಾರೋ ಗೇರ್ ಸೈಕಲ್ಲಿನ ಚಕ್ರ ತುರುಕಲು ಅಗಲಿಸಿದ್ದಾರೆ ಅಂತ ಅರ್ಥ. ಸ್ಟೀಲ್ ಆದ್ದರಿಂದ ಅದನ್ನು ವಾಪಸ್ ಬಗ್ಗಿಸಬಹುದು, ಕೈ ಪಳಗಿದವರು ಸಿಕ್ಕರೆ.

ಬಿಬಿ ನೋಡಲು ಮನೆಯಲ್ಲಿ ಪಾನಾ ಇರಲಿಲ್ಲ. ಅವರ ಸ್ಕೂಟರಿನ ಹಿಂದೆ ಫ್ರೇಮ್ ಹಿಡಿದು ಕೂತು ಹಳೇ ಹುಬ್ಬಳ್ಳಿಯ ಒಂದು ಸೈಕಲ್ ಅಂಗಡಿಗೆ ಹೋದೆ. ಚಾಚಾ ವಯಸ್ಸಾದವರು, ಮಾತು ಕಡಿಮೆ. ಫ್ರೇಮ್ ತಿರುಗಿಸಿ ಮುರುಗಿಸಿ ನೋಡಿದರು.

"ಅಕ್ಕಾರ, ಹಿಂದ ಬ್ರೇಕ್ ಹಾಕಾಕ ಜಾಗಾನ ಇಲ್ಲಲ್ರೀ ಇದಕ್ಕ."

"ಹೌದ್ರಿ ಚಾಚಾ, ಇದು ಟ್ರ್ಯಾಕಿಂದು."

"ಮತ್ತ ನಿಲ್ಲಸೋದು ಹ್ಯಾಂಗ?"

"ಕಾಲಿಂದನ."

ಅವರು ನನ್ನ ಮುಖ ನೋಡಿದರು, ಮಾರುವವರ ಮುಖ ನೋಡಿದರು, ಪಾನಾ ಕೈಗೆ ತಗೊಂಡರು. ಬಿಬಿಯ ಬಲಗಡೆಯ ಕಪ್ಪನ್ನು, ಅಂದರೆ ಬೇರಿಂಗಿನ ಬಟ್ಟಲನ್ನು, ಗಡಿಯಾರದ ದಿಕ್ಕಿಗೆ ತಿರುಗಿಸಲು ಹೊರಟರು. ನಮ್ಮ ಊರಿನ ಸೈಕಲ್ಲುಗಳಲ್ಲಿ ಆ ಕಪ್ಪಿಗೆ ಉಲ್ಟಾ ಥ್ರೆಡ್, ಹಾಗೇ ಬಿಚ್ಚಬೇಕು. ಅವರ ಕೈಗೆ ಅದೇ ರೂಢಿ. ಸ್ವಲ್ಪ ತಡೀರಿ ಅಂತ ಹೇಳಿ ಶೆಲ್ಲಿನ (ಬಿಬಿ ಕೂರುವ ಅಡ್ಡ ಪೈಪಿನ) ಅಗಲ ಅಳೆದೆ. 70 ಮಿಲಿಮೀಟರ್. ನಮ್ಮಲ್ಲಿ ಬಿಡಿಭಾಗ ಸಿಗುವ ಬಿಎಸ್ಎ, ಅಂದರೆ ಇಂಗ್ಲಿಷ್ ಅಳತೆ, 68. 70 ಅಂದರೆ ಇಟಲಿ ಥ್ರೆಡ್, ಎರಡೂ ಬದಿ ಸೀದಾ. "ಚಾಚಾ, ಇದು ಸೀದಾ ಥ್ರೆಡ್ ಐತ್ರಿ, ಈ ಕಡೆ ತಿರುಗಸ್ರಿ" ಅಂದೆ. ಅವರು ನಂಬಲಿಲ್ಲ. ಆದರೂ ತಿರುಗಿಸಿದರು, ಬಿಚ್ಚಿಕೊಂಡಿತು. ಉಲ್ಟಾ ಅಂದುಕೊಂಡು ಪಾನಾಕ್ಕೆ ಉದ್ದ ಪೈಪ್ ಸಿಕ್ಕಿಸಿ ಜಗ್ಗಿದ್ದರೆ ಥ್ರೆಡ್ ಹಾಳಾಗಿ ಫ್ರೇಮ್ ಗುಜರಿ ಸೇರುತ್ತಿತ್ತು. ನೀವು ಹೋದಾಗಲೂ ಅಳೆಯದೆ ಯಾರಿಗೂ ಪಾನಾ ಹಾಕಲು ಬಿಡಬೇಡಿ.

ನನ್ನ ಲೆಕ್ಕದಲ್ಲಿ ಈ ಫ್ರೇಮಿನ ಬೆಲೆ ನಿಜವಾಗಿ ಇಳಿದದ್ದು ಇಲ್ಲಿ. ತಗ್ಗಿನಿಂದಲ್ಲ, ಬಣ್ಣದಿಂದಲ್ಲ. ಇಟಲಿ ಥ್ರೆಡ್ಡಿನ ಬಿಬಿ ನಾನು ವಿಚಾರಿಸಿದ ಹುಬ್ಬಳ್ಳಿ ಅಂಗಡಿಗಳಲ್ಲಿ ಇರಲಿಲ್ಲ, ಗದಗದಲ್ಲಂತೂ ಕೇಳಲೇಬೇಡಿ. ಬೆಂಗಳೂರಿನಿಂದ ತರಿಸಬೇಕು. ಜೊತೆಗೆ ಬಲಗಡೆ ಕಪ್ಪು ಸೀದಾ ಥ್ರೆಡ್ ಇದ್ದರೆ ಪೆಡಲ್ ತುಳಿಯುತ್ತಾ ತುಳಿಯುತ್ತಾ ತಾನೇ ಸಡಿಲ ಆಗುವ ಗುಣ ಅದಕ್ಕಿದೆ. ಚೆನ್ನಾಗಿ ಬಿಗಿಯಬೇಕು, ಆಗಾಗ ನೋಡಬೇಕು. ಶೆಲ್ಲಿನ ಒಳಗೆ ಕೆಂಪು ಪುಡಿ ಇತ್ತು. ಕೆರೆದು ನೋಡಿದೆವು, ಜಂಗು ಮೇಲ್ಮೈಗೆ ಮಾತ್ರ, ಆಳಕ್ಕೆ ತಿಂದಿಲ್ಲ. ಹಳೇ ಕಪ್ಪುಗಳಲ್ಲಿ ಗುಂಡು ಓಡುವ ದಾರಿ ಸವೆದಿದೆ. ಹೆಡ್ ಸೆಟ್ಟೂ ಅಷ್ಟೇ. ಫೋರ್ಕ್ ನೇರಕ್ಕೆ ಬಂದಾಗ ಕಟಕ್ ಅಂತ ಒಂದು ಗುಳಿಯಲ್ಲಿ ಕೂರುತ್ತೆ. ಹೊಸದು ತರಿಸುವಾಗ ಫೋರ್ಕಿನ ಬುಡದ ಅಳತೆ ಬರೆದುಕೊಳ್ಳಿ. ಇದರದ್ದು 26.4, ಹಳೇ ಜಪಾನಿ ಅಳತೆ 27. ನೋಡಲು ಒಂದೇ, ಕೂರಿಸಲು ಹೋದರೆ ಗೊತ್ತಾಗುತ್ತೆ.

ಚಾಚಾ ಐವತ್ತು ರೂಪಾಯಿ ಮಾತ್ರ ತಗೊಂಡರು. ಜಾಸ್ತಿ ಕೊಟ್ಟರೂ ಮುಟ್ಟಲಿಲ್ಲ.

ವಾಪಸ್ ಬಂದ ಮೇಲೆ ಮಾರುವವರು ಒಂದು ಹಿಂದಿನ ಚಕ್ರ ಹೊರಗೆ ತಂದರು. ಇದು ಫ್ರೀ ಮೇಡಂ, ಹಾಕಿ ಓಡಿಸಿ ಅಂದರು. ಹಬ್ಬು ಸಾದಾ ಫ್ರೀವೀಲ್ ಹಬ್ಬು. ಅದಕ್ಕೆ ಫಿಕ್ಸ್ ಹಲ್ಲು (ಚಕ್ರದ ಜೊತೆಗೇ ತಿರುಗುವ ಹಲ್ಲಿನ ಗಾಲಿ) ತಿರುಗಿಸಿ ಕೂರಿಸಿದ್ದಾರೆ, ಅಷ್ಟೇ. ಟ್ರ್ಯಾಕ್ ಹಬ್ಬಿನಲ್ಲಿ ಹಲ್ಲಿನ ಮೇಲೆ ಉಲ್ಟಾ ಥ್ರೆಡ್ಡಿನ ಇನ್ನೊಂದು ರಿಂಗ್ ಕೂರುತ್ತೆ, ಲಾಕ್ ರಿಂಗ್. ನಿಲ್ಲಿಸಲು ಕಾಲು ಹಿಂದಕ್ಕೆ ಒತ್ತಿದಾಗ ಹಲ್ಲು ಬಿಚ್ಚಿಕೊಳ್ಳದಂತೆ ತಡೆಯೋದು ಅದೇ. ಅದಿಲ್ಲದಿದ್ದರೆ ಜೋರಾಗಿ ಒತ್ತಿದ ಕ್ಷಣಕ್ಕೇ ಹಲ್ಲು ಸಡಿಲಾಗಿ ಗಿರ್ ಅಂತ ತಿರುಗುತ್ತೆ. ಉಣಕಲ್ ಸಿಗ್ನಲ್ಲಿನಲ್ಲಿ ಹಾಗಾದರೆ? ಫ್ರೀ ಕೊಟ್ಟರೂ ಬೇಡ ಅಂದೆ. ನೀವೂ ಬೇಡ ಅನ್ನಿ.

ಇನ್ನು ನಮ್ಮ ರಸ್ತೆಗೆ ಇದು ನಡೆಯುತ್ತಾ? ನಾನು ನನ್ನ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿಕೊಂಡು ಬಸ್ಸಿನಲ್ಲೇ ಒಯ್ದಿದ್ದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳುತ್ತಾರೇನೋ ಅಂದುಕೊಂಡಿದ್ದೆ, ನಕ್ಕು ಬಿಟ್ಟರು. 25 ಮಿಲಿಮೀಟರ್ ಟೈರ್ ಫೋರ್ಕಿನಲ್ಲಿ ಕೂತಿತು, ಮೇಲೆ ಮೂರು ಮಿಲಿಮೀಟರ್ ಸಂದು ಉಳಿಯಿತು. 28 ಹಿಡಿಯಲ್ಲ. ಟ್ರ್ಯಾಕಿಗೆ ಇದು ಸಾಕು. ಆದರೆ ನಮ್ಮದು ಎರೆ ಸೀಮೆ. ಮಳೆಗಾಲದಲ್ಲಿ ಹೊಲದಿಂದ ಟ್ರ್ಯಾಕ್ಟರ್ ರಸ್ತೆಗೆ ಹತ್ತಿದರೆ ಅದರ ಗಾಲಿಯ ಮಣ್ಣೆಲ್ಲ ಡಾಂಬರಿನ ಮೇಲೆ. ಅದರಲ್ಲಿ ನೂರು ಮೀಟರ್ ಹೋದರೆ ಆ ಮೂರು ಮಿಲಿಮೀಟರ್ ತುಂಬಿ ಚಕ್ರ ನಿಂತೇ ಹೋಗುತ್ತೆ. ಮಳೆಗಾಲಕ್ಕೆ ಈ ಸೈಕಲ್ ಇಲ್ಲ ಅಂತಲೇ ಲೆಕ್ಕ ಹಾಕಬೇಕು.

ಫ್ರೇಮ್ ಮುಂದೆ ಗಿಡ್ಡ. ಪೆಡಲ್ ಮುಂದೆ ಬಂದಾಗ ಹ್ಯಾಂಡಲ್ ತಿರುಗಿಸಿದರೆ ಬೂಟಿನ ತುದಿ ಟೈರಿಗೆ ತಾಗುತ್ತೆ. ವೇಗದಲ್ಲಿ ಹ್ಯಾಂಡಲ್ ಅಷ್ಟು ತಿರುಗಿಸುವುದೇ ಇಲ್ಲ, ಗೊತ್ತೂ ಆಗಲ್ಲ. ದುರ್ಗದಬೈಲಿನ ಸಂದಣಿಯಲ್ಲಿ ನಡಿಗೆಯ ವೇಗದಲ್ಲಿ ತಿರುಗುವಾಗ ಗೊತ್ತಾಗುತ್ತೆ, ಅದೂ ಪೆಡಲ್ ನಿಲ್ಲದ ಸೈಕಲ್ಲಿನಲ್ಲಿ. ಪೇಟೆಗೆ ಓಡಾಡಲು ಬೇಕಾದವರು ಇದನ್ನು ಮರೆತು ಬಿಡಿ.

ಒಂದು ವಿಷಯ ಮಾತ್ರ ನನಗೆ ಅನುಕೂಲ ಆಯಿತು. ಹಿಂದೆ ಯಾರೋ ಫೋರ್ಕಿನ ನೆತ್ತಿಗೆ ಬ್ರೇಕಿಗಾಗಿ ತೂತು ಹೊಡೆದಿದ್ದಾರೆ. ಹಳೇ ಫ್ರೇಮ್ ಗೋಡೆಗೆ ನೇತು ಹಾಕುವವರಿಗೆ ಇದು ಪಾಪದ ಕೆಲಸ. ನನಗೆ ಬೇಕಾಗಿದ್ದೇ ಅದು. ತೂತು ನಡುವಿನಲ್ಲೇ ಇದೆ, ಸುತ್ತ ಬಿರುಕಿಲ್ಲ. ಮುಂದೆ ಒಂದು ಬ್ರೇಕ್ ಇಲ್ಲದೆ ನಾನು ಹೆದ್ದಾರಿಗೆ ಇಳಿಯಲ್ಲ. ಶಾಲೆಯ ಹುಡುಗಿಯರನ್ನೂ ಇಳಿಸಲ್ಲ.

ಹಲ್ಲಿನ ಲೆಕ್ಕವೂ ಹಾಕಿದೆ. ಟ್ರ್ಯಾಕಿನ ಹುಡುಗರು 48ಕ್ಕೆ 16, ಅಂದರೆ ಮುಂದೆ 48 ಹಲ್ಲು ಹಿಂದೆ 16, ಅಂತ ಶುರು ಮಾಡುತ್ತಾರೆ. ಆಷಾಢದ ಗಾಳಿಯಲ್ಲಿ ಗದಗದಿಂದ ಅಣ್ಣಿಗೇರಿ ಕಡೆ, ಅಂದರೆ ಗಾಳಿಗೆ ಎದೆ ಕೊಟ್ಟು, ಅದನ್ನು ತುಳಿದು ನೋಡಿ. ಕಪ್ಪತಗುಡ್ಡದ ಗಾಳಿ ಗಿರಣಿಗಳು ಸುಮ್ನೆ ನಿಂತಿಲ್ಲ. 46ಕ್ಕೆ 17 ನನಗೆ ಸರಿ. ಪೆಡಲಿನ ಒಂದು ಸುತ್ತಿಗೆ ಸುಮಾರು 5.7 ಮೀಟರ್ ಹೋಗುತ್ತೆ.

ಬೆಲೆ ಮಾತು. ಹೊಸ ಬಿಬಿ, ಹೆಡ್ ಸೆಟ್, ಟ್ರ್ಯಾಕ್ ಹಬ್ಬಿನ ಎರಡು ಚಕ್ರ, ಕ್ರ್ಯಾಂಕ್, ಹ್ಯಾಂಡಲ್, ಬ್ರೇಕ್ ಎಲ್ಲಾ ಸೇರಿಸಿದರೆ ಫ್ರೇಮಿಗಿಂತ ಜಾಸ್ತಿ ಆಗುತ್ತೆ ಅಂತ ಚೀಟಿಯಲ್ಲಿ ಬರೆದು ತೋರಿಸಿದೆ. ಅವರು ಏಷ್ಯಾಡ್ ಅಂದರು, ನಾನು ಬಿಬಿ ಅಂದೆ. ಅವರು ಕೊಲಂಬಸ್ ಅಂದರು, ಹೌದು ಅದಕ್ಕೇ 11 ಕೊಡುತ್ತಿದ್ದೇನೆ, ಇಲ್ಲದಿದ್ದರೆ 4 ಅಂದೆ. ಒಳಗಿನಿಂದ ಅವರ ತಾಯಿ, "ಕೊಟ್ಟು ಬಿಡೋ ತಮ್ಮಾ, ಓಡಸೋರ ಕೈಗೆ ಹೋಗ್ತೈತಿ" ಅಂದರು. 11 ಸಾವಿರಕ್ಕೆ ಮುಗೀತು.

ಅದೇ ಫ್ರೇಮ್ 68ರ ಶೆಲ್ಲಿನದ್ದಾಗಿದ್ದರೆ ನಾನು 14ರ ತನಕ ಹೋಗುತ್ತಿದ್ದೆ. ಹೊಸದಾಗಿ ಸೈಕಲ್ ಹಿಡಿಯುವವರಿಗೆ 11ಕ್ಕೂ ಹೇಳಲ್ಲ, ಬಿಡಿಭಾಗ ಹುಡುಕುವುದರಲ್ಲೇ ಉತ್ಸಾಹ ಇಳಿದು ಹೋಗುತ್ತೆ. ನನ್ನ ಎತ್ತರ ಐದು ಅಡಿ ನಾಲ್ಕು ಇಂಚು. 51 ಸೆಂಟಿಮೀಟರ್ ಅಳತೆಯ ಹಳೇ ಟ್ರ್ಯಾಕ್ ಫ್ರೇಮ್ ನಮ್ಮ ಕಡೆ ಮತ್ತೆ ಕಣ್ಣಿಗೆ ಬೀಳುವುದು ಕಷ್ಟ, ಅದೂ ಒಂದು ಕಾರಣ.

ಬಣ್ಣ ಹೊಡೆಸಲ್ಲ. ಒಳಗೆ ಎಣ್ಣೆ ಬಿಟ್ಟು, ಹೊರಗೆ ಮೇಣ ಉಜ್ಜಿದ್ದೇನೆ. ಈಗ ಚಕ್ರ ಕಟ್ಟಿಸಬೇಕು. ಗದಗ, ಹುಬ್ಬಳ್ಳಿ, ಬಿಜಾಪುರ ಕಡೆ ಯಾರ ಹತ್ತಿರವಾದರೂ ಲಾಕ್ ರಿಂಗ್ ಸಮೇತ ಟ್ರ್ಯಾಕ್ ಹಬ್ಬಿನ ಜೋಡಿ ಸುಮ್ನೆ ಬಿದ್ದಿದ್ದರೆ ತಿಳಿಸಿ. 32 ತೂತಿನದ್ದಾದರೆ ಒಳ್ಳೇದು, 36 ಆದರೂ ನಡೆಯುತ್ತೆ.