ರಕ್ತ, ಮೂತ್ರ, ಜೊಲ್ಲು: ಕಿಡ್ನಿ ಕಸಿಯ ನಂತರ ಮೂರನ್ನೂ ಕೊಟ್ಟು ನೋಡಿದೆ

ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ, ಆಗ ವೈರಸ್‌ಗಳು ತಲೆಯೆತ್ತುತ್ತವೆ. ಹಾಗಾಗಿ ಕಿಡ್ನಿ ಕಸಿಯಾದ ಮೊದಲ ವರ್ಷ ನನ್ನೊಳಗಿನ ವೈರಸ್‌ಗಳ ಲೆಕ್ಕವನ್ನು ಮೂರು ಕಡೆಯಿಂದ ತೆಗೆದರು. ರಕ್ತ, ಮೂತ್ರದ ಪರೀಕ್ಷೆ ಕಸಿಯಾದ ಎಲ್ಲರಿಗೂ ಇರುವಂಥವು. ಜೊಲ್ಲನ್ನು ಮಾತ್ರ ಒಂದು ಸಂಶೋಧನೆಗಾಗಿ ನಾನಾಗಿಯೇ ಒಪ್ಪಿ ಕೊಟ್ಟೆ.

ಒಪ್ಪಲು ಕಾರಣ ನನ್ನ ಬಲಗೈ. ಎಡಗೈಯಲ್ಲಿ ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಇರುವುದರಿಂದ ಅಲ್ಲಿ ಚುಚ್ಚಿ ರಕ್ತ ತೆಗೆಯುವಂತಿಲ್ಲ. ಉಳಿದೊಂದು ಕೈಯ ರಕ್ತನಾಳಗಳು ಸೂಜಿಗೆ ಸೋತು ಅಡಗಿ ಕೂತಿದ್ದವು.

ಆದರೆ ಜೊಲ್ಲು ಕೊಡುವುದೂ ಸುಲಭವಲ್ಲ. ತಿಂದು ಕುಡಿದು ಅರ್ಧ ಗಂಟೆಯಾದರೂ ಕಳೆದಿರಬೇಕು. ಕ್ಯಾಕರಿಸುವಂತಿಲ್ಲ, ತಲೆ ಬಗ್ಗಿಸಿ, ಅದು ತಾನಾಗಿ ಕೊಳವೆಗೆ ಇಳಿಯುವವರೆಗೆ ಕಾಯಬೇಕು. ನೊರೆ ಲೆಕ್ಕಕ್ಕಿಲ್ಲ. ಕೆಲವು ಬೆಳಿಗ್ಗೆ ಗೆರೆ ಮುಟ್ಟಲು ಹತ್ತು ನಿಮಿಷ ಹಿಡಿಯಿತು. ಅದರ ಮುಂದೆ ಮೂತ್ರದ ಡಬ್ಬಿ ತುಂಬಿಸುವುದು ಹಬ್ಬ. ವರ್ಷಗಟ್ಟಲೆ ಮೂತ್ರವೇ ಬಾರದಿದ್ದವರಿಗೆ ಈ ಮಾತು ಅರ್ಥವಾಗುತ್ತದೆ.

ನಿಜವಾದ ತೊಡಕು ಫಲಿತಾಂಶದ್ದು. ಒಮ್ಮೆ ಜೊಲ್ಲಿನಲ್ಲಿ, ಕಸಿಯಾದವರನ್ನು ಕಾಡುವ ಸೈಟೋಮೆಗಾಲೋವೈರಸ್ ಸಿಕ್ಕಿತು. ಅದೇ ವಾರದ ರಕ್ತದಲ್ಲಿ ಇರಲಿಲ್ಲ. ನಾನು ಗಾಬರಿಯಾದೆ, ವೈದ್ಯರು ಆಗಲಿಲ್ಲ. ಈ ವೈರಸ್ ಮತ್ತು ಎಪ್‌ಸ್ಟೀನ್-ಬಾರ್ ವೈರಸ್‌ನಂಥವು ಒಮ್ಮೆ ಒಳಹೊಕ್ಕರೆ ಜೀವನವಿಡೀ ಇರುತ್ತವೆ, ಆರೋಗ್ಯವಂತರ ಬಾಯಲ್ಲೂ ಆಗಾಗ ಇಣುಕುತ್ತವೆ. ನವಜಾತ ಶಿಶುಗಳಲ್ಲಿ ಈ ಸೋಂಕನ್ನು ಹುಡುಕಲು ಜೊಲ್ಲಿನ ಪಿಸಿಆರ್ ಒಳ್ಳೆಯ ಸಾಧನ, ಏಕೆಂದರೆ ಅಲ್ಲಿ ಕೇಳುವುದು ಇದೆಯೋ ಇಲ್ಲವೋ ಎಂದಷ್ಟೇ. ನನ್ನಂಥವರ ವಿಷಯದಲ್ಲಿ ಎಷ್ಟಿದೆ, ಏರುತ್ತಿದೆಯೇ ಎಂಬುದು ಮುಖ್ಯ. ರಕ್ತದ ಅಂಕಿಗೆ 2010ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲಿದೆ. ಜೊಲ್ಲಿನ ಅಂಕಿ ಎಷ್ಟಾದರೆ ಔಷಧಿ ಶುರುಮಾಡಬೇಕು ಎಂಬುದಕ್ಕೆ ಒಪ್ಪಿತ ಗೆರೆಯಿಲ್ಲ.

ಬಿಕೆ ವೈರಸ್‌ನಲ್ಲಂತೂ ಜೊಲ್ಲು ನನಗೆ ಏನನ್ನೂ ಹೇಳಲಿಲ್ಲ. ಅದರ ಬಿಡಾರ ಕಿಡ್ನಿ ಮತ್ತು ಮೂತ್ರದ ದಾರಿ. ಮೊದಲು ಮೂತ್ರದಲ್ಲಿ, ವಾರಗಳ ನಂತರ ರಕ್ತದಲ್ಲಿ ಕಾಣುತ್ತದೆ. ಮೂತ್ರ ಬೇಗ ಕೂಗುತ್ತದೆ, ಆದರೆ ಸುಮ್ಮಸುಮ್ಮನೆಯೂ ಕೂಗುತ್ತದೆ: ಮೂತ್ರದಲ್ಲಿ ಕಂಡವರೆಲ್ಲರ ರಕ್ತಕ್ಕೂ ಅದು ಇಳಿಯುವುದಿಲ್ಲ. ನನ್ನದು ಇಳಿಯಿತು. ರಕ್ತದಲ್ಲಿ ವೈರಸ್‌ನ ಪ್ರತಿಗಳು ಮಿಲಿಲೀಟರ್‌ಗೆ 10,000 ದಾಟಿದಾಗ, ರೋಗನಿರೋಧಕ ಶಕ್ತಿ ತಗ್ಗಿಸುವ ಮೈಕೋಫಿನೊಲೇಟ್ ಔಷಧಿಯ ಪ್ರಮಾಣ ಕಡಿಮೆ ಮಾಡಿದರು. ನೆಚ್ಚಬಹುದಾದ ಔಷಧಿಯಿಲ್ಲದ ಈ ವೈರಸ್‌ಗೆ ಅದೇ ಚಿಕಿತ್ಸೆ.

ಇಷ್ಟಕ್ಕೂ ಸೂಜಿ ತಪ್ಪಲಿಲ್ಲ. ಅದೇ ಬಗೆಯ ಇನ್ನೊಂದು ಔಷಧಿ ಟ್ಯಾಕ್ರೊಲಿಮಸ್‌ನ ಮಟ್ಟ ನೋಡಲು ಬೆಳಗಿನ ಮಾತ್ರೆಗೆ ಮುನ್ನ ರಕ್ತ ಕೊಡಲೇಬೇಕು, ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್‌ಗೂ ಕೊಡಬೇಕು. ಅದೇ ಚುಚ್ಚಿನಲ್ಲಿ ಇನ್ನೊಂದು ಕೊಳವೆ ತುಂಬಿದರೆ ವೈರಸ್ ಲೆಕ್ಕವೂ ಮುಗಿಯಿತು. ಹಾಗಾಗಿ ರಕ್ತಕ್ಕೇ ನನ್ನ ಮತ.

ಜೊಲ್ಲು ಗೆದ್ದದ್ದು ಒಮ್ಮೆ ಮಾತ್ರ, ಗಂಟಲು ಕೆರೆತ, ಜ್ವರ ಬಂದು ಕೋವಿಡ್ ಎಂದು ಹೆದರಿದಾಗ. ಆಸ್ಪತ್ರೆಯ ಸಾಲಿನಲ್ಲಿ ನಿಲ್ಲದೆ ಮನೆಯಿಂದಲೇ ಕೊಳವೆ ಕಳುಹಿಸಿದೆ. ಸಂಜೆಯೊಳಗೆ ಉತ್ತರ ಬಂತು: ಇಲ್ಲ.