ಮೂರು ಮಳೆಗಾಲ ಕಂಡ ನಮ್ಮ ಮನೆಯ ಡಿಹೈಡ್ರೇಟರ್

ತಾರಸಿಯಲ್ಲಿ ಹತ್ತು ಹನ್ನೆರಡು ಗ್ರೋ ಬ್ಯಾಗ್, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ. ಮೈಸೂರಿನಲ್ಲಿ ಜಿಟಿಜಿಟಿ ಮಳೆ ಹಿಡಿಯಿತು ಅಂದರೆ ಪುದೀನಕ್ಕೆ ಹಬ್ಬ. ಆದರೆ ಕೊಯ್ದದ್ದನ್ನು ಒಣಗಿಸೋಣ ಅಂದರೆ ಅದೇ ಹೊತ್ತಿಗೆ ಮನೆಯೆಲ್ಲ ತೇವ. ಹಾಗಾಗಿ 2023ರ ಜೂನ್‌ನಲ್ಲಿ ಐದು ತಟ್ಟೆಯ, 350 ವಾಟ್‌ನ ಡಿಹೈಡ್ರೇಟರ್, ಅಂದರೆ ಬಿಸಿಗಾಳಿ ಊದಿ ಒಣಗಿಸುವ ಮೆಷಿನ್, ತರಿಸಿದೆ. ಐದೂವರೆ ಸಾವಿರ ಆಯಿತು. ಮಂಡ್ಯದಿಂದ ಬಂದಿದ್ದ ಅತ್ತೆ ಅದನ್ನು ನೋಡಿ, "ಸೊಪ್ಪು ಒಣಗ್ಸಕ್ಕೂ ಕರೆಂಟ್ ಬೇಕೇನವ್ವ? ನೆಳ್ಳಲ್ಲಿ ಹರವಿದ್ರೆ ತಾನೇ ಒಣಗ್ತದೆ" ಅಂದರು. ಈಗ ಒಪ್ಪಿಕೊಳ್ಳುತ್ತೇನೆ, ಅತ್ತೆ ಹೇಳಿದ್ದು ಮುಕ್ಕಾಲು ಪಾಲು ನಿಜ.

ಮೊದಲ ಸಲವೇ ಮೆಂತ್ಯ ಸೊಪ್ಪು ಹಾಳಾಯಿತು. ಸೊಪ್ಪಿಗೆ 35ರಿಂದ 45 ಡಿಗ್ರಿ ಸಾಕು. ಜಾಸ್ತಿ ಬಿಸಿಯಾದರೆ ನೀರಿನ ಜೊತೆ ಘಮವೂ ಹಾರಿಹೋಗುತ್ತದೆ. ನಾನು 45ಕ್ಕೇ ಇಟ್ಟಿದ್ದೆ. ನಾಲ್ಕು ಗಂಟೆ ಬಿಟ್ಟು ನೋಡಿದರೆ ಕೆಳಗಿನ ತಟ್ಟೆಯದು ಟೀಪುಡಿ ಬಣ್ಣ, ಮೇಲಿನದು ಸುಮ್ನೆ ಬಾಡಿ ಮಲಗಿದೆ. ಅನುಮಾನ ಬಂದು ಥರ್ಮಾಮೀಟರ್ ಇಟ್ಟೆ. ಕೆಳಗೆ 56 ಡಿಗ್ರಿ! ಬಿಸಿಗಾಳಿ ಬರುವುದೇ ಕೆಳಗಿನಿಂದ ಅಲ್ವಾ. ಈಗ 35ಕ್ಕೇ ಇಟ್ಟು, ಗಂಟೆಗೊಮ್ಮೆ ತಟ್ಟೆಗಳನ್ನು ಮೇಲೆ ಕೆಳಗೆ ಮಾಡುತ್ತೇನೆ. ಹಾಕಿ ಮರೆತುಬಿಡುವ ಮೆಷಿನ್ ಇದಲ್ಲ.

ಪುದೀನಕ್ಕೆ ಮಾತ್ರ ಕೊಟ್ಟ ದುಡ್ಡು ಸಾರ್ಥಕ. ತೊಳೆದು, ಹಳೇ ಪಂಚೆಯಲ್ಲಿ ನೀರೆಲ್ಲ ಹೀರಿಸಿ, ಎಲೆ ಮಾತ್ರ ಬಿಡಿಸಿ ಒಂದೇ ಪದರ ಹರಡುತ್ತೇನೆ. ಐದು ಗಂಟೆಗೆ ಬೆರಳಲ್ಲಿ ಹಿಡಿದರೆ ಪುಡಿಯಾಗುವಷ್ಟು ಗರಿಗರಿ, ಬಣ್ಣ ಹಸಿರೇ. ಒಣಗಿದ ಎಲೆ ಫ್ಯಾನ್ ಗಾಳಿಗೆ ಹಾರಿ ಅಂಚಿಗೆ ಹೋಗಿ ಗುಡ್ಡೆಯಾಗುತ್ತದೆ, ಅದಕ್ಕೆ ಮೇಲೊಂದು ಸೊಳ್ಳೆ ಪರದೆಯ ತುಂಡು.

ದೊಡ್ಡಪತ್ರೆಯ ಸಹವಾಸವೇ ಬೇಡ. ಎಲೆ ತುಂಬ ನೀರು, 14 ಗಂಟೆಯಾದರೂ ನಡು ಮೆತ್ತಗೆ. ಅದು ಹಸಿಯಾಗಿ ತಂಬುಳಿಗೇ ಸರಿ. ಕೊತ್ತಂಬರಿ ಸೊಪ್ಪು ಒಣಗುತ್ತದೆ, ಆದರೆ ಬಾಯಿಗೆ ಹುಲ್ಲು. ಹೆಚ್ಚಿ ಫ್ರೀಜರ್‌ನಲ್ಲಿಡುವುದು ಎಷ್ಟೋ ವಾಸಿ. ಇನ್ನು ಕರಿಬೇವು, ಇಲ್ಲಿ ಅತ್ತೆ ಗೆದ್ದರು. ಮೊರದಲ್ಲಿ ಹರವಿ ಹಜಾರದ ನೆರಳಲ್ಲಿ ಇಟ್ಟರೆ ಬೇಸಿಗೆಯಲ್ಲಿ ನಾಲ್ಕೈದು ದಿನ, ಅಷ್ಟೇ. ನೇರ ಬಿಸಿಲಿಗಿಟ್ಟರೆ ಬಣ್ಣವೂ ಹೋಗುತ್ತದೆ, ವಾಸನೆಯೂ ಹೋಗುತ್ತದೆ.

ನಾನು ನಿಜವಾಗಿ ಪೆಟ್ಟು ತಿಂದದ್ದು ತುಂಬಿಡುವುದರಲ್ಲಿ. ಮೊದಲ ವರ್ಷ ಮೆಷಿನ್‌ನಿಂದ ತೆಗೆದ ಬಿಸಿಯಲ್ಲೇ ಬಾಟಲಿಗೆ ತುಂಬಿ ಮುಚ್ಚಿಬಿಟ್ಟೆ. ದಸರೆಗೆ ತೆಗೆದರೆ ಇಡೀ ಬಾಟಲಿ ಪುದೀನಕ್ಕೆ ಬೂಷ್ಟು. 1950ರಿಂದ ಆಹಾರದ ಮೇಲೇ ಸಂಶೋಧನೆ ಮಾಡುತ್ತಿರುವ ಸಿಎಫ್‌ಟಿಆರ್‌ಐ ಇರುವ ಊರಲ್ಲಿ ಕೂತು ಮಾಡಿದ ಘನಕಾರ್ಯ! ಈಗ ಪೂರ್ತಿ ಆರಿದ ಮೇಲೆಯೇ ತುಂಬುತ್ತೇನೆ. ಐದಾರು ದಿನ, ದಿನಕ್ಕೊಮ್ಮೆ ಬಾಟಲಿ ಅಲ್ಲಾಡಿಸಿ ನೋಡುತ್ತೇನೆ. ಗಾಜು ಒಳಗೆ ಬೆವರಿದ್ದರೆ ವಾಪಸ್ ಮೆಷಿನ್‌ಗೆ. ಎಲೆಯನ್ನು ಇಡಿಯಾಗಿ ಇಡುತ್ತೇನೆ, ಸಾರಿಗೋ ಪಲಾವ್‌ಗೋ ಹಾಕುವಾಗಲೇ ಅಂಗೈಯಲ್ಲಿ ತಿಕ್ಕುವುದು. ಹಸಿ ಸೊಪ್ಪು ಮೂರು ಚಮಚ ಬೇಕಾದ ಕಡೆ ಒಣಗಿದ್ದು ಒಂದು ಸಾಕು. ಬಾಟಲಿ ಇರುವುದು ಕತ್ತಲೆ ಕಪಾಟಿನಲ್ಲಿ, ಒಲೆ ಪಕ್ಕದ ಶೆಲ್ಫ್‌ನಲ್ಲಲ್ಲ.

ಕರೆಂಟ್ ಖರ್ಚು ಹೆದರುವಷ್ಟಿಲ್ಲ. ಆರು ಗಂಟೆ ಓಡಿದರೆ ಹೆಚ್ಚೆಂದರೆ 2.1 ಯೂನಿಟ್. ಆದರೂ ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವವರು ವಾರಕ್ಕೆರಡು ಸಲ ಓಡಿಸುವ ಮುಂಚೆ ಮೀಟರ್ ನೋಡಿಕೊಳ್ಳಿ.

ಹದಿನಾಲ್ಕನೇ ತಿಂಗಳಿಗೆ ಫ್ಯಾನ್ ಗೊರಗೊರ ಶುರು ಮಾಡಿತು. ವಾರಂಟಿ ಒಂದೇ ವರ್ಷ. ಕಂಪನಿಯವರು ಬೆಂಗಳೂರಿಗೆ ಕೊರಿಯರ್ ಮಾಡಿ ಅಂದರು, ಖರ್ಚು ನಮ್ಮದೇ. ಅಗ್ರಹಾರದ ಕಡೆ ಮಿಕ್ಸಿ ರಿಪೇರಿಯವರೊಬ್ಬರು ಬುಷ್ ಬದಲಾಯಿಸಿ 250 ರೂಪಾಯಿಗೆ ಸರಿ ಮಾಡಿಕೊಟ್ಟರು, ಇವತ್ತಿಗೂ ಸದ್ದಿಲ್ಲ. ತಟ್ಟೆಯೊಂದು ಸೀಳಿದೆ. ಬಿಡಿ ತಟ್ಟೆ ಎಲ್ಲೂ ಸಿಗುತ್ತಿಲ್ಲ, ನಾಲ್ಕರಲ್ಲೇ ನಡೆಸುತ್ತಿದ್ದೇನೆ.